ಚಳಿಗಾಲದ ರಜೆಗೆ ಮರುಭೂಮಿ–ಪರ್ವತ ರೋಡ್ ಟ್ರಿಪ್: ಅಮೆರಿಕದ ನೈಋತ್ಯದ ಮೂರು ದಾರಿಗಳಲ್ಲಿ ನಿಮ್ಮ ಕುಟುಂಬಕ್ಕೆ ಯಾವುದು?

ಮರುಭೂಮಿ ಮತ್ತು ಹಿಮದ ಬೆಟ್ಟ ಎರಡನ್ನೂ ಒಂದೇ ರಜೆಯಲ್ಲಿ ನೋಡಬೇಕೆನ್ನುವವರಿಗೆ ಅಮೆರಿಕದ ನೈಋತ್ಯ ಭಾಗ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ ಮರಳಿನ ದಿಬ್ಬದ ಮೇಲೆ ಓಡಾಡಿದ ಮಕ್ಕಳು ಮಧ್ಯಾಹ್ನದ ಹೊತ್ತಿಗೆ ಹಿಮದುಂಡೆ ಎಸೆಯಬಹುದು. ಆದರೆ ಡಿಸೆಂಬರ್ ಕೊನೆಯ ವಾರಕ್ಕೆ ದಾರಿ ಆರಿಸುವಾಗ ಹೆಚ್ಚಿನವರು ಲೆಕ್ಕ ಹಾಕುವುದು ಮೈಲಿಗಳನ್ನು. ಬೇಸಿಗೆಗೆ ಅದು ಸಾಕು, ಚಳಿಗಾಲಕ್ಕೆ ಸಾಲದು. ರಾತ್ರಿ ಮಲಗುವ ಊರು ಎಷ್ಟು ಅಡಿ ಎತ್ತರದಲ್ಲಿದೆ, ಅಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂಬ ಎರಡೇ ಪ್ರಶ್ನೆಗಳು ಇಡೀ ಪ್ರವಾಸವನ್ನು ನಿರ್ಧರಿಸುತ್ತವೆ.

ಸಾವಿರ ಅಡಿ ಮೇಲೇರಿದರೆ ಉಷ್ಣಾಂಶ ಸುಮಾರು 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಇಳಿಯುತ್ತದೆ. ಒಂದೇ ದಿನದ ಓಟದಲ್ಲಿ ಏಳೆಂಟು ಸಾವಿರ ಅಡಿ ಏರಿಳಿಯುವುದು ಇಲ್ಲಿ ಸಾಮಾನ್ಯ. ಡಿಸೆಂಬರಿನಲ್ಲಿ ಹಗಲು ಒಂಬತ್ತೂವರೆಯಿಂದ ಹತ್ತು ಗಂಟೆ ಮಾತ್ರ. ಮಧ್ಯಾಹ್ನ ಎರಡಕ್ಕೆ ರಸ್ತೆಯಂಚಿನ ಹಿಮ ಕರಗಿ ಡಾಂಬರಿನ ಮೇಲೆ ನೀರಾಗಿ ಹರಿಯುತ್ತದೆ. ಸಂಜೆ ಐದಕ್ಕೆ ಅದೇ ನೀರು ಕಣ್ಣಿಗೆ ಕಾಣದ ಗಾಜಿನ ಪದರವಾಗಿ ಗಟ್ಟಿಯಾಗುತ್ತದೆ. ರಸ್ತೆ ಒದ್ದೆಯಾದಂತೆ ಕಾಣುತ್ತದೆ, ಎದುರಿನ ಗಾಡಿಯ ಚಕ್ರದಿಂದ ನೀರು ಮಾತ್ರ ಚಿಮ್ಮುತ್ತಿಲ್ಲ ಎಂದಾದರೆ ಅದು ಮಂಜುಗಡ್ಡೆ. ಬೆಟ್ಟದ ನೆರಳು ಬೀಳುವ ತಿರುವು ಮತ್ತು ಸೇತುವೆಗಳಲ್ಲಿ ಇದು ಮೊದಲು ಕಟ್ಟುತ್ತದೆ, ಕೊನೆಗೆ ಕರಗುತ್ತದೆ. ಆದ್ದರಿಂದ 6,000 ಅಡಿಗಿಂತ ಎತ್ತರದ ಯಾವ ರಸ್ತೆಯನ್ನಾದರೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ದಾಟಿಬಿಡುವಂತೆ ದಿನವನ್ನು ಹೊಂದಿಸಿ. ಕೆಳಗಿನ ಮೂರು ದಾರಿಗಳನ್ನು ಹೋಲಿಸಿರುವುದೂ ಈ ಅಳತೆಯಿಂದಲೇ.

ಮೊದಲ ದಾರಿ: ಡೆತ್ ವ್ಯಾಲಿ ಮತ್ತು ಪೂರ್ವ ಸಿಯೆರಾ

ಲಾಸ್ ವೇಗಸ್‌ನಿಂದ ಪರಂಪ್ ಮೂಲಕ ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ಗೆ ಸುಮಾರು 120 ಮೈಲಿ, ಅಲ್ಲಿಂದ ಸಿಯೆರಾ ಬೆಟ್ಟಗಳ ಬುಡದ ಲೋನ್ ಪೈನ್ ಊರಿಗೆ 105 ಮೈಲಿ. ಹೋಗಿಬರಲು ಒಟ್ಟು 450 ಮೈಲಿಯಷ್ಟಾಗುತ್ತದೆ. ನಾಲ್ಕು ರಾತ್ರಿ ಸಾಕು. ಮೂರರಲ್ಲಿ ಅತ್ಯಂತ ಕಡಿಮೆ ದಿನಗಳ ಸುತ್ತು ಇದೇ.

ಮಲಗುವ ಎತ್ತರದ ವಿಷಯದಲ್ಲಂತೂ ಇದಕ್ಕೆ ಸಾಟಿಯಿಲ್ಲ. ಫರ್ನೆಸ್ ಕ್ರೀಕ್ ಸಮುದ್ರಮಟ್ಟಕ್ಕಿಂತ 190 ಅಡಿ ಕೆಳಗಿದೆ, ಲೋನ್ ಪೈನ್ 3,700 ಅಡಿಯಲ್ಲಿದೆ. ಬೇಸಿಗೆಯಲ್ಲಿ ಕಾಲಿಡಲಾಗದ ಡೆತ್ ವ್ಯಾಲಿಯಲ್ಲಿ ಡಿಸೆಂಬರಿನ ಹಗಲು 60ರ ಮೇಲಿನ ಫ್ಯಾರನ್‌ಹೀಟ್ ಡಿಗ್ರಿಗಳಲ್ಲಿ ಹಿತವಾಗಿರುತ್ತದೆ, ರಾತ್ರಿ 40ರ ಆಸುಪಾಸು. ಉತ್ತರ ಅಮೆರಿಕದ ಅತಿ ತಗ್ಗಿನ ಜಾಗ ಬ್ಯಾಡ್‌ವಾಟರ್, ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ಅಲಾಸ್ಕ ಬಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ, 14,505 ಅಡಿ. ಮೊದಲನೆಯದರಲ್ಲಿ ಉಪ್ಪಿನ ಮೇಲೆ ನಡೆದು, ಮರುದಿನ ಬೆಳಿಗ್ಗೆ ಲೋನ್ ಪೈನ್ ಪಕ್ಕದ ಅಲಬಾಮಾ ಹಿಲ್ಸ್‌ನ ಬಂಡೆಗಳ ನಡುವೆ ನಿಂತು ಎರಡನೆಯದರ ಮೇಲೆ ಎಳೆಬಿಸಿಲು ಬೀಳುವುದನ್ನು ನೋಡಬಹುದು. ಸೂರ್ಯೋದಯ ಏಳು ಗಂಟೆಯ ಹೊತ್ತಿಗೆ. ಮಕ್ಕಳನ್ನು ನಡುರಾತ್ರಿ ಎಬ್ಬಿಸಬೇಕಾಗಿಲ್ಲ, ಚಳಿಗಾಲದ ದೊಡ್ಡ ಉಪಕಾರ ಅದು.

ಆದರೆ ಸೂರ್ಯ ಇಲ್ಲಿ ನಾಲ್ಕೂವರೆ ದಾಟುತ್ತಿದ್ದಂತೆ ಮುಳುಗುತ್ತಾನೆ. ಫರ್ನೆಸ್ ಕ್ರೀಕ್–ಲೋನ್ ಪೈನ್ ನಡುವಿನ 190ನೇ ಹೆದ್ದಾರಿ ಒಂದಲ್ಲ ಎರಡು ಸಲ ಬೆಟ್ಟ ಹತ್ತುತ್ತದೆ: ಮೊದಲು 4,956 ಅಡಿಯ ಟೌನ್ ಪಾಸ್ (ಪಾಸ್ ಎಂದರೆ ಬೆಟ್ಟ ದಾಟುವ ಘಟ್ಟದ ದಾರಿ), ಅಲ್ಲಿಂದ ಪ್ಯಾನಮಿಂಟ್ ಕಣಿವೆಗೆ ಇಳಿತ, ಮತ್ತೆ ಫಾದರ್ ಕ್ರೌಲಿ ನೋಟದ ಕಡೆಗೆ ಏರು. ಇಳಿಜಾರಿನುದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಆಟೊಮ್ಯಾಟಿಕ್ ಗಾಡಿಯಾದರೂ ಗೇರನ್ನು ಕೆಳಗಿಳಿಸಿ, ವೇಗವನ್ನು ಎಂಜಿನ್ ಹಿಡಿಯಲಿ. ಡಾಂಟೆಸ್ ವ್ಯೂಗೆ ಹೋಗುವ ರಸ್ತೆಯ ಕೊನೆಯ ಕಾಲು ಮೈಲಿ ಇನ್ನೂ ಕಡಿದು. ಆದರೂ ಹೋಗಿ, 5,475 ಅಡಿ ಎತ್ತರದಿಂದ ಕೆಳಗಿನ ಉಪ್ಪಿನ ಬಯಲು ನೋಡುವುದಕ್ಕೆ. ಬ್ಯಾಡ್‌ವಾಟರ್‌ಗೂ ಅಲ್ಲಿಗೂ 20 ಡಿಗ್ರಿಗೂ ಮೀರಿದ ಅಂತರವಿರುತ್ತದೆ, ಗಾಳಿಯೂ ಸೇರಿದರೆ ಇನ್ನಷ್ಟು. ಜಾಕೆಟ್‌ಗಳನ್ನು ಡಿಕ್ಕಿಯ ತಳದಲ್ಲಿ ಹುದುಗಿಸಬೇಡಿ.

ಕುಟುಂಬಗಳು ಇಲ್ಲಿ ಎಡವುವುದು ಎರಡು ಕಡೆ. ಒಂದು, ಡೆತ್ ವ್ಯಾಲಿಯಿಂದ ಯೊಸೆಮಿಟಿಗೆ ಅಡ್ಡದಾರಿ ಇದೆ ಎಂದುಕೊಳ್ಳುವುದು. ನಕ್ಷೆಯಲ್ಲಿ ಅದು ಪಕ್ಕದಲ್ಲೇ ಇದೆ, ಆದರೆ 9,943 ಅಡಿಯ ಟಿಯೋಗ ಪಾಸ್ ಸಾಮಾನ್ಯವಾಗಿ ನವೆಂಬರಿನಿಂದ ಮೇ–ಜೂನ್ ತನಕ ಮುಚ್ಚಿರುತ್ತದೆ. ಇಡೀ ಸಿಯೆರಾವನ್ನು ಬಳಸಿಕೊಂಡು ಹೋಗಬೇಕಾಗುತ್ತದೆ. ಯೊಸೆಮಿಟಿಯನ್ನು ಇನ್ನೊಂದು ರಜೆಗೆ ಇಟ್ಟುಕೊಳ್ಳಿ. ಎರಡು, ರೇಸ್‌ಟ್ರ್ಯಾಕ್ ಎಂಬ ಒಣ ಕೆರೆ ಬಯಲಿನ ಜಾರುವ ಕಲ್ಲುಗಳ ಆಸೆ. ಉಬೆಹೀಬಿ ಕ್ರೇಟರಿನಿಂದ ಮುಂದೆ 27 ಮೈಲಿ ಚೂಪು ಕಲ್ಲಿನ ದಾರಿ, ಮಾಮೂಲಿ ಟೈರನ್ನು ಸೀಳಿಹಾಕುತ್ತದೆ. ಬಾಡಿಗೆ ಗಾಡಿಯ ಒಪ್ಪಂದಗಳು ಸಾಮಾನ್ಯವಾಗಿ ಇಂಥ ರಸ್ತೆಯನ್ನು ಒಪ್ಪುವುದಿಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಮಕ್ಕಳಿದ್ದಾಗ ಬೇಡ. ಮರಳಿನ ಆಸೆಗೆ ಸ್ಟೋವ್‌ಪೈಪ್ ವೆಲ್ಸ್ ಬಳಿಯ ಮೆಸ್ಕೀಟ್ ಫ್ಲ್ಯಾಟ್ ದಿಬ್ಬಗಳು ಹೆದ್ದಾರಿಯ ಪಕ್ಕದಲ್ಲೇ ಇವೆ.

ಹಿಮ ಬೇಕೆಂದರೆ ಲೋನ್ ಪೈನ್‌ನಿಂದ 100 ಮೈಲಿ ಉತ್ತರಕ್ಕೆ ಮ್ಯಾಮತ್ ಲೇಕ್ಸ್, 7,880 ಅಡಿ. ಇದನ್ನು ಒಂದು ಹಗಲಿನ ಪ್ರವಾಸವಾಗಿಯೇ ಇಟ್ಟುಕೊಳ್ಳಿ ಎನ್ನುವುದು ನಮ್ಮ ಗಟ್ಟಿ ಸಲಹೆ. ಬಿರುಗಾಳಿ ಬಂದರೆ 395ನೇ ಹೆದ್ದಾರಿಯಲ್ಲಿ ಚೈನ್ ನಿಯಮ, ಅಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಸರಪಳಿ ಸುತ್ತಬೇಕೆಂಬ ನಿಯಮ, ಜಾರಿಯಾಗುತ್ತದೆ. ಅಲ್ಲೇ ರೂಮು ಮಾಡಿದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಲೋನ್ ಪೈನ್‌ನಲ್ಲೋ ಬಿಷಪ್‌ನಲ್ಲೋ ಇದ್ದರೆ ಆ ದಿನ ಹೋಗುವುದಿಲ್ಲ, ಅಷ್ಟೇ.

ಎರಡನೇ ದಾರಿ: ಝಯಾನ್, ಬ್ರೈಸ್, ಪೇಜ್, ಗ್ರ್ಯಾಂಡ್ ಕ್ಯಾನಿಯನ್

ಎಲ್ಲರ ಬಾಯಲ್ಲೂ ಇರುವ ಸುತ್ತು ಇದು, ನೋಟಗಳ ವಿಷಯದಲ್ಲಿ ಆ ಹೆಸರಿಗೆ ತಕ್ಕದ್ದೇ. ವೇಗಸ್‌ನಿಂದ ಝಯಾನ್ 160 ಮೈಲಿ, ಝಯಾನ್‌ನಿಂದ ಬ್ರೈಸ್ 85, ಬ್ರೈಸ್‌ನಿಂದ ಪೇಜ್ 150, ಪೇಜ್‌ನಿಂದ ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚು 135, ಅಲ್ಲಿಂದ ವೇಗಸ್‌ಗೆ 280. ಬೇಸಿಗೆಯಲ್ಲಿ ಇದನ್ನು ಐದು ದಿನದಲ್ಲಿ ಮುಗಿಸುವವರಿದ್ದಾರೆ. ಚಳಿಗಾಲದಲ್ಲಿ ಏಳು ರಾತ್ರಿಗಿಂತ ಕಡಿಮೆಯಿದ್ದರೆ ಈ ದಾರಿ ಆರಿಸಬೇಡಿ. ಏಳರಲ್ಲಿ ಒಂದು ರಾತ್ರಿ ಹವಾಮಾನಕ್ಕೆ ಮೀಸಲು.

ಕಾರಣ ಎತ್ತರವೇ. ಝಯಾನ್ ಕಣಿವೆಯ ತಳ 4,000 ಅಡಿ, ಬ್ರೈಸ್‌ನ ಅಂಚು 8,000ದಿಂದ 9,000, ಪೇಜ್ 4,300, ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚು 7,000. ಎರಡು ಸಲ ಹಿಮದ ಮಟ್ಟಕ್ಕೆ ಹತ್ತಿ ಇಳಿಯುತ್ತೀರಿ. ಬ್ರೈಸ್‌ನಲ್ಲಿ ಜನವರಿಯ ರಾತ್ರಿ 10 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸೊನ್ನೆಗಿಂತ 12 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ, ಇಳಿಯುವುದು ವಿಶೇಷವೇನಲ್ಲ. ಕೆಂಪು ಕಲ್ಲಿನ ಕಂಬಗಳ ತಲೆಯ ಮೇಲೆ ಬಿಳಿ ಹಿಮ ಕೂತ ಬ್ರೈಸ್ ಈ ಮೂರೂ ದಾರಿಗಳಲ್ಲಿ ಅತ್ಯಂತ ಚೆಲುವಾದ ನೋಟ. ಅದನ್ನು ನೋಡಲೇಬೇಕು, ಅಲ್ಲೇ ಮಲಗಬೇಕೆಂದಿಲ್ಲ. ಉದ್ಯಾನದಿಂದ ಹದಿನೈದು ನಿಮಿಷ ಕೆಳಗಿರುವ ಟ್ರಾಪಿಕ್ ಊರು 6,300 ಅಡಿಯಲ್ಲಿದೆ. ತಲೆನೋವು, ನಿದ್ದೆಗೆಡುವುದು 8,000 ಅಡಿಯಲ್ಲಿ ಮಲಗಿದಾಗ ಹೆಚ್ಚು. ಗ್ರ್ಯಾಂಡ್ ಕ್ಯಾನಿಯನ್‌ಗೂ ಇದೇ ಲೆಕ್ಕ: ಪೂರ್ವದ ಡೆಸರ್ಟ್ ವ್ಯೂ ದ್ವಾರದಿಂದ 30 ಮೈಲಿ ಕೆಳಗಿನ ಕ್ಯಾಮರನ್ 4,200 ಅಡಿಯಲ್ಲಿದೆ.

ಸುತ್ತಿನ ದಿಕ್ಕೂ ಮುಖ್ಯ. ಝಯಾನ್ ಮೊದಲು, ಆಮೇಲೆ ಬ್ರೈಸ್ ಇಟ್ಟುಕೊಂಡರೆ ದೇಹ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಬ್ರೈಸ್‌ನಲ್ಲಿ ಹಿಮ ಬೀಳುವ ಮುನ್ಸೂಚನೆ ಬಂದರೆ ಝಯಾನ್‌ನಲ್ಲೇ ಇನ್ನೊಂದು ದಿನ ಉಳಿಯಬಹುದು, ಅಥವಾ ಕನಾಬ್ ಮೂಲಕ ನೇರ ಪೇಜ್‌ಗೆ ಹೋಗಬಹುದು. ಬ್ರೈಸ್‌ನಲ್ಲಿ ಹಿಮ ಬಿದ್ದ ಮೇಲೆ 18 ಮೈಲಿಯ ಮುಖ್ಯ ರಸ್ತೆಯನ್ನು ಮೂರನೇ ಮೈಲಿಯಲ್ಲೇ ಮುಚ್ಚಿ ಹಿಮ ತೆಗೆಯುತ್ತಾರೆ. ಬೇಸರ ಬೇಡ, ಸನ್‌ರೈಸ್, ಸನ್‌ಸೆಟ್, ಇನ್‌ಸ್ಪಿರೇಷನ್ ಪಾಯಿಂಟ್‌ಗಳಿಂದ ಕಾಣುವ ಆಂಫಿಥಿಯೇಟರ್, ಅಂದರೆ ಕಲ್ಲಿನ ಕಂಬಗಳು ತುಂಬಿದ ಬಟ್ಟಲಿನಾಕಾರದ ಕಣಿವೆ, ಇರುವುದು ಆ ಮೊದಲ ಮೈಲಿಗಳಲ್ಲೇ. ನವಾಹೋ ಲೂಪ್ ಕಾಲುದಾರಿಯ ವಾಲ್ ಸ್ಟ್ರೀಟ್ ಭಾಗ ಚಳಿಗಾಲದಲ್ಲಿ ಬಂದ್. ಉಳಿದ ದಾರಿಗಳಲ್ಲಿ ಇಳಿಯಬೇಕಾದರೆ ಬೂಟಿನ ಮೇಲೆ ಎಳೆದುಕೊಳ್ಳುವ ಮೈಕ್ರೊಸ್ಪೈಕ್ ಬೇಕೇ ಬೇಕು, ಮಕ್ಕಳ ಅಳತೆಯದೂ ಸೇರಿ. ಗ್ರ್ಯಾಂಡ್ ಕ್ಯಾನಿಯನ್‌ನ ಬ್ರೈಟ್ ಏಂಜೆಲ್ ಕಾಲುದಾರಿಯ ಮೇಲಿನ ತಿರುವುಗಳೂ ನೆರಳಿನಲ್ಲಿದ್ದು ಕಲ್ಲಿನಂತೆ ಹೆಪ್ಪುಗಟ್ಟಿರುತ್ತವೆ.

ಚಳಿಗಾಲ ಕೊಡುವ ಸವಲತ್ತುಗಳೂ ಈ ದಾರಿಯಲ್ಲಿವೆ. ಗ್ರ್ಯಾಂಡ್ ಕ್ಯಾನಿಯನ್‌ನ ಹರ್ಮಿಟ್ ರೋಡ್ ಉಳಿದ ತಿಂಗಳುಗಳಲ್ಲಿ ಬಸ್ಸಿಗೆ ಮೀಸಲು, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸ್ವಂತ ಗಾಡಿಯಲ್ಲಿ ಹೋಗಬಹುದು. ನಡೆಯಲಾಗದ ಹಿರಿಯರನ್ನು ಒಂದೊಂದು ಅಂಚಿನ ಹತ್ತಿರಕ್ಕೂ ಗಾಡಿಯಲ್ಲೇ ಕರೆದೊಯ್ಯಬಹುದು ಎಂದರೆ ಅದು ಸಣ್ಣ ಮಾತಲ್ಲ. ಉತ್ತರ ಅಂಚಿನ ರಸ್ತೆ ಮಾತ್ರ ಚಳಿಗಾಲವಿಡೀ ಬಂದ್. ಝಯಾನ್‌ನಲ್ಲೂ ಶಟಲ್ ಇಲ್ಲದ ದಿನಗಳಲ್ಲಿ ಕಣಿವೆಯೊಳಗೆ ಸ್ವಂತ ಗಾಡಿ ಬಿಡುತ್ತಾರೆ. ಕ್ರಿಸ್ಮಸ್–ಹೊಸವರ್ಷದ ವಾರದಲ್ಲಿ ಶಟಲ್ ಓಡುವುದರಿಂದ ಆಗ ಈ ಸವಲತ್ತಿಲ್ಲ. ಪೇಜ್‌ನ ಆಂಟಿಲೋಪ್ ಕ್ಯಾನಿಯನ್ ಮೂಲನಿವಾಸಿ ನವಾಹೋ ಜನರ ನೆಲ, ಗೈಡ್ ಜೊತೆಗಲ್ಲದೆ ಪ್ರವೇಶವಿಲ್ಲ. ಮೇಲಿನ ಕಂದಕದ ಒಳಗೆ ನೆಲ ಸಮತಟ್ಟು, ಹಿಂದಿರುಗುವ ದಾರಿಯಲ್ಲಿ ಮಾತ್ರ ಮೆಟ್ಟಿಲುಗಳಿವೆ; ಕೆಳಗಿನದರ ಒಳಗೇ ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ. ಮಂಡಿ ನೋವಿನವರಿದ್ದರೆ ಮೇಲಿನದನ್ನೇ ಕಾಯ್ದಿರಿಸಿ. ಚಿತ್ರಗಳಲ್ಲಿ ಕಾಣುವ ಬೆಳಕಿನ ಕೋಲು ಚಳಿಗಾಲದಲ್ಲಿ ಬೀಳುವುದಿಲ್ಲ, ಸೂರ್ಯ ಅಷ್ಟು ಎತ್ತರಕ್ಕೆ ಬರುವುದೇ ಇಲ್ಲ.

ಖರ್ಚಿನ ಒಂದು ಮಾತು. 2026ರ ಜನವರಿ 1ರಿಂದ ಗ್ರ್ಯಾಂಡ್ ಕ್ಯಾನಿಯನ್, ಝಯಾನ್, ಬ್ರೈಸ್ ಸೇರಿದಂತೆ ಹನ್ನೊಂದು ರಾಷ್ಟ್ರೀಯ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ಮೇಲ್ಪಟ್ಟವರಿಗೆ ವಾರ್ಷಿಕ ಪಾಸ್ ಇಲ್ಲದಿದ್ದರೆ ತಲೆಗೆ 100 ಡಾಲರ್ ಹೆಚ್ಚುವರಿ ಶುಲ್ಕವಿದೆ. ವಾರ್ಷಿಕ ಪಾಸ್ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಭೇಟಿಗೆ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಈ ಲೆಕ್ಕವನ್ನು ಮೊದಲೇ ಮಾಡಿ. ಡೆತ್ ವ್ಯಾಲಿ, ವೈಟ್ ಸ್ಯಾಂಡ್ಸ್, ಕಾರ್ಲ್ಸ್‌ಬ್ಯಾಡ್ ಆ ಪಟ್ಟಿಯಲ್ಲಿಲ್ಲ.

ಮೂರನೇ ದಾರಿ: ವೈಟ್ ಸ್ಯಾಂಡ್ಸ್, ಕ್ಲೌಡ್‌ಕ್ರಾಫ್ಟ್, ಕಾರ್ಲ್ಸ್‌ಬ್ಯಾಡ್ ಗುಹೆ

ಹೆಸರು ಕಡಿಮೆ, ಚಿಕ್ಕ ಮಕ್ಕಳಿರುವ ಮನೆಗೆ ನಮ್ಮ ಮೊದಲ ಆಯ್ಕೆ. ಟೆಕ್ಸಸ್‌ನ ಎಲ್ ಪಾಸೋದಲ್ಲಿ ಗಾಡಿ ಹಿಡಿದು 90 ಮೈಲಿ ಹೋದರೆ ನ್ಯೂ ಮೆಕ್ಸಿಕೋದ ಅಲಮೊಗೋರ್ಡೊ. ಅದರ ಪಕ್ಕದಲ್ಲೇ ವೈಟ್ ಸ್ಯಾಂಡ್ಸ್, 275 ಚದರ ಮೈಲಿಯ ಬಿಳಿ ಜಿಪ್ಸಂ ಮರಳು. ಇನ್ನೊಂದು ದಿಕ್ಕಿಗೆ 82ನೇ ಹೆದ್ದಾರಿ ಇಪ್ಪತ್ತು ಮೈಲಿಯೊಳಗೆ 4,300 ಅಡಿ ಹತ್ತಿ ದೇವದಾರು, ಪೈನ್ ಮರಗಳ ಕ್ಲೌಡ್‌ಕ್ರಾಫ್ಟ್‌ಗೆ ಒಯ್ಯುತ್ತದೆ, 8,600 ಅಡಿ. ಒಂದೇ ಊರಲ್ಲಿ, 4,300 ಅಡಿಯಲ್ಲಿ, ಮೂರು ರಾತ್ರಿ ರೂಮು ಮಾಡಿ ಒಂದು ದಿನ ಮರಳಿಗೆ, ಒಂದು ದಿನ ಹಿಮಕ್ಕೆ ಹೋಗಬಹುದು. ದಿನದಿನವೂ ಪೆಟ್ಟಿಗೆ ಕಟ್ಟುವ ಕೆಲಸವಿಲ್ಲ. ಬೆಟ್ಟದಲ್ಲಿ ಹವಾ ಕೆಟ್ಟರೆ ಆ ದಿನ ಮರಳಿನ ದಿನ. ಮೂರೂ ದಾರಿಗಳಲ್ಲಿ ಇಷ್ಟು ಸಲೀಸಾಗಿ ಯೋಜನೆ ಬದಲಿಸಲು ಇಲ್ಲಿ ಮಾತ್ರ ಸಾಧ್ಯ.

ಮರಳಿನ ದಿನದ ಬಗ್ಗೆ ಸ್ವಲ್ಪ ವಿವರವಾಗಿ. ಒಳಗಿನ ರಸ್ತೆ ಎಂಟು ಮೈಲಿ, ಮೊದಲ ಐದು ಡಾಂಬರು, ಆಮೇಲೆ ಗಟ್ಟಿಯಾಗಿ ಒತ್ತಿದ ಜಿಪ್ಸಂ. ಸಾಧಾರಣ ಕಾರಿಗೆ ತೊಂದರೆಯಿಲ್ಲ. ದಿಬ್ಬದಿಂದ ಜಾರಲು ಪ್ಲಾಸ್ಟಿಕ್ ತಟ್ಟೆಗಳನ್ನು ಉದ್ಯಾನದ ಅಂಗಡಿಯಲ್ಲೇ ಮಾರುತ್ತಾರೆ, ಜೊತೆಗೊಂದು ಮೇಣದ ತುಂಡು ಕೊಳ್ಳಿ. ಜಿಪ್ಸಂ ಹಿಮದಷ್ಟು ನುಣುಪಲ್ಲ, ಮೇಣ ಹಚ್ಚದ ತಟ್ಟೆ ಅರ್ಧ ದಿಬ್ಬದಲ್ಲಿ ನಿಂತುಬಿಡುತ್ತದೆ. ತಟ್ಟೆಯ ತಳಕ್ಕೆ ಒತ್ತಿ ಉಜ್ಜಿ, ನಾಲ್ಕೈದು ಸಲ ಜಾರಿದ ಮೇಲೆ ಮತ್ತೆ ಉಜ್ಜಿ. ದಿಬ್ಬ ಆರಿಸುವಾಗ ಎತ್ತರಕ್ಕಿಂತ ಬುಡವನ್ನು ನೋಡಿ: ಗಿಡವಿಲ್ಲದ ಉದ್ದನೆಯ ಸಮತಟ್ಟು ಇರಬೇಕು, ರಸ್ತೆಯ ಕಡೆಗೋ ಪಾರ್ಕಿಂಗ್ ಕಡೆಗೋ ಇಳಿಯಬಾರದು. ದಿಬ್ಬಗಳ ನಡುವಿನ ನೆಲ ಸಿಮೆಂಟಿನಷ್ಟು ಗಟ್ಟಿ, ಮಳೆ ಬಂದ ಮರುದಿನ ಇನ್ನೂ ಗಟ್ಟಿ. ತಲೆ ಮುಂದಾಗಿ ಜಾರಲು ಮಕ್ಕಳನ್ನು ಬಿಡಬೇಡಿ. ವಿಸಿಟರ್ ಸೆಂಟರ್ ದಾಟಿದರೆ ಎಲ್ಲೂ ನೀರಿಲ್ಲ. ದಿಬ್ಬ ಹತ್ತಿ ಇಳಿದರೆ ಗಾಡಿ ಯಾವ ಕಡೆ ಎನ್ನುವುದೇ ಮರೆಯುವಷ್ಟು ಎಲ್ಲವೂ ಒಂದೇ ಬಿಳುಪು, ಫೋನಿನಲ್ಲಿ ಗಾಡಿಯ ಜಾಗ ಗುರುತು ಹಾಕಿಟ್ಟುಕೊಳ್ಳಿ. ಬಿಸಿಲಿನ ಪ್ರತಿಫಲನಕ್ಕೆ ಕಪ್ಪು ಕನ್ನಡಕ ಚಳಿಗಾಲದಲ್ಲೂ ಬೇಕು. ನಡೆಯಲಾಗದವರಿಗೆ ಗಾಲಿಕುರ್ಚಿ ಹೋಗುವ ಇಂಟರ್‌ಡ್ಯೂನ್ ಬೋರ್ಡ್‌ವಾಕ್ ಇದೆ. ಕ್ರಿಸ್ಮಸ್ ದಿನ ಉದ್ಯಾನಕ್ಕೆ ರಜೆ. ಪಕ್ಕದಲ್ಲೇ ಕ್ಷಿಪಣಿ ಪರೀಕ್ಷಾ ನೆಲೆ ಇರುವುದರಿಂದ ಪರೀಕ್ಷೆಯ ದಿನ ರಸ್ತೆಯನ್ನು ಕೆಲವು ಗಂಟೆ ಮುಚ್ಚುತ್ತಾರೆ, ಉದ್ಯಾನದ ಜಾಲತಾಣದಲ್ಲಿ ಮುಂಚಿತವಾಗಿ ಹಾಕಿರುತ್ತಾರೆ.

ಕ್ಲೌಡ್‌ಕ್ರಾಫ್ಟ್‌ನಿಂದ ಮುಂದೆ ಪೂರ್ವಕ್ಕೆ ಇಳಿದು ಆರ್ಟೀಸಿಯಾ ಮೂಲಕ ಕಾರ್ಲ್ಸ್‌ಬ್ಯಾಡ್. ಗುಹೆಯೊಳಗೆ ವರ್ಷವಿಡೀ 56 ಡಿಗ್ರಿ ಫ್ಯಾರನ್‌ಹೀಟ್, ಹೊರಗೆ ಹಿಮಗಾಳಿ ಬೀಸಿದರೂ ಒಳಗೆ ಅದೇ. ಲಿಫ್ಟ್ 750 ಅಡಿ ಇಳಿಸುತ್ತದೆ. ಪ್ರವೇಶದ ಸಮಯವನ್ನು ಮೊದಲೇ ಕಾಯ್ದಿರಿಸಬೇಕು. ಸಂಜೆ ಬಾವಲಿಗಳು ಹೊರಡುವ ದೃಶ್ಯ ಮಾತ್ರ ಚಳಿಗಾಲದಲ್ಲಿ ಸಿಗುವುದಿಲ್ಲ, ಅವು ಮೆಕ್ಸಿಕೋ ಕಡೆ ಹೋಗಿರುತ್ತವೆ. ಗುಹೆಯಿಂದ ಎಲ್ ಪಾಸೋಗೆ ಹಿಂದಿರುಗುವ 62/180 ಹೆದ್ದಾರಿಯಲ್ಲಿ ವೈಟ್ಸ್ ಸಿಟಿ ಬಿಟ್ಟ ಮೇಲೆ ನೂರು ಮೈಲಿಗೂ ಹೆಚ್ಚು ದೂರ ನೆಚ್ಚಿಕೊಳ್ಳುವಂಥ ಗ್ಯಾಸ್ ಸ್ಟೇಷನ್ ಇಲ್ಲ, ಗ್ವಾಡಲೂಪೆ ಪಾಸ್‌ನಲ್ಲಿ ಗಾಳಿ ವಿಪರೀತ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ.

ಈ ದಾರಿಯಲ್ಲಿ ಮರೆಯಲೇಬಾರದ್ದು ಕಾಗದಪತ್ರ. ಗಡಿ ಹತ್ತಿರವಿರುವುದರಿಂದ ಬಾರ್ಡರ್ ಪೆಟ್ರೋಲ್‌ನ ತಪಾಸಣಾ ಠಾಣೆಗಳು ದೇಶದೊಳಗಿನ ಹೆದ್ದಾರಿಗಳಲ್ಲೂ ಇವೆ, ವೈಟ್ ಸ್ಯಾಂಡ್ಸ್‌ನಿಂದ ಲಾಸ್ ಕ್ರೂಸಸ್ ಕಡೆಗೆ ಹೋಗುವ 70ನೇ ಹೆದ್ದಾರಿಯಲ್ಲಿ ಒಂದು. ಅಮೆರಿಕದ ಪ್ರಜೆಗಳಲ್ಲದವರು ಪಾಸ್‌ಪೋರ್ಟ್, ವೀಸಾ, ಐ-94 (ದೇಶ ಪ್ರವೇಶಿಸಿದ ದಾಖಲೆ) ಅಥವಾ ಗ್ರೀನ್ ಕಾರ್ಡನ್ನು ಜೊತೆಯಲ್ಲೇ ಇಟ್ಟುಕೊಂಡಿರಬೇಕು. ಹೋಟೆಲಿನ ಲಾಕರಿನಲ್ಲಿ ಭದ್ರವಾಗಿದ್ದರೆ ಪ್ರಯೋಜನವಿಲ್ಲ.

ಇನ್ನೂ ನಾಲ್ಕು ದಿನ ಕೈಲಿದ್ದರೆ ಟೂಸಾನ್ ಸೇರಿಸಬಹುದು: ಆಳೆತ್ತರ ಮೀರಿದ ಸಗ್ವಾರೋ ಕಳ್ಳಿಗಳ ಕಾಡು, 27 ಮೈಲಿಯಲ್ಲಿ ಕಳ್ಳಿಯಿಂದ ಹಿಮದವರೆಗೆ ಹತ್ತುವ ಮೌಂಟ್ ಲೆಮನ್ ರಸ್ತೆ. ಎಲ್ ಪಾಸೋದಿಂದ 320 ಮೈಲಿ. ಐ-10ರಲ್ಲಿ ಲಾರ್ಡ್ಸ್‌ಬರ್ಗ್ ಬಳಿ ಧೂಳಿನ ಬಿರುಗಾಳಿ ಎದ್ದರೆ ರಸ್ತೆಯಿಂದ ಸಾಧ್ಯವಾದಷ್ಟು ದೂರ ಇಳಿಸಿ ನಿಲ್ಲಿಸಿ, ಎಲ್ಲ ದೀಪಗಳನ್ನೂ ಆರಿಸಿ, ಬ್ರೇಕ್ ಪೆಡಲಿನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆಯೆಂದು ನಂಬಿ ಬಂದು ಗುದ್ದುತ್ತಾರೆ.

ಹಾಗಾದರೆ ಯಾವುದು?

ಹತ್ತು ವರ್ಷದೊಳಗಿನ ಮಕ್ಕಳು, ಐದಾರು ರಾತ್ರಿ: ಮೂರನೇ ದಾರಿ, ಯೋಚಿಸುವುದೇ ಬೇಡ. ನಾಲ್ಕೇ ರಾತ್ರಿ, ಹಿಮದ ರಸ್ತೆಯಲ್ಲಿ ಓಡಿಸಿ ಅಭ್ಯಾಸವಿಲ್ಲ: ಮೊದಲನೆಯದು, ಮ್ಯಾಮತ್ ಬಿಟ್ಟು. ಅಪ್ಪ ಅಮ್ಮ ಜೀವನದಲ್ಲಿ ಒಮ್ಮೆ ಗ್ರ್ಯಾಂಡ್ ಕ್ಯಾನಿಯನ್ ನೋಡಲಿ ಎಂದು ಬಂದಿದ್ದರೆ ಎರಡನೆಯದೇ ಸರಿ, ಆದರೆ ಇಡೀ ಸುತ್ತು ಬೇಡ. ವೇಗಸ್‌ನಿಂದ ನೇರ ದಕ್ಷಿಣ ಅಂಚಿಗೆ ಹೋಗಿ ಎರಡು ರಾತ್ರಿ ಉಳಿದು, ಪೇಜ್ ನೋಡಿಕೊಂಡು, ಝಯಾನ್ ಮೂಲಕ ಹಿಂದಿರುಗಿ. ಬ್ರೈಸ್ ಅನ್ನು ಹವಾಮಾನಕ್ಕೆ ಬಿಡಿ. ಪೂರ್ತಿ ಸುತ್ತು ಹದಿಹರೆಯದ ಮಕ್ಕಳು, ಇಬ್ಬರು ಚಾಲಕರು, ಏಳೆಂಟು ರಾತ್ರಿ ಇರುವವರಿಗೆ.

ಗಾಡಿ

ಮೊದಲ ಮತ್ತು ಎರಡನೇ ದಾರಿಗೆ ಆಲ್‌ವೀಲ್ ಡ್ರೈವ್ ತೆಗೆದುಕೊಳ್ಳುವುದು ಒಳ್ಳೆಯದು. ಆದರೆ ಅದು ಗಾಡಿಯನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ನಿಲ್ಲಿಸುವುದು ಟೈರು. ಬಾಡಿಗೆ ಗಾಡಿ ಪಡೆಯುವಾಗ ಟೈರಿನ ಪಕ್ಕದಲ್ಲಿ ಮಡ್ ಅಂಡ್ ಸ್ನೋ ಗುರುತು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಕ್ಯಾಲಿಫೋರ್ನಿಯಾದ ಚೈನ್ ನಿಯಮಕ್ಕೆ ಮೂರು ಹಂತ: ಆರ್-1 ಹಂತದಲ್ಲಿ ಹಿಮದ ಟೈರಿದ್ದ ಕಾರುಗಳಿಗೆ ಚೈನ್‌ನಿಂದ ವಿನಾಯಿತಿ, ಆರ್-2ರಲ್ಲಿ ನಾಲ್ಕೂ ಚಕ್ರಕ್ಕೆ ಅಂಥ ಟೈರಿರುವ ಆಲ್‌ವೀಲ್ ಡ್ರೈವ್‌ಗೆ ಮಾತ್ರ, ಆರ್-3ರಲ್ಲಿ ಯಾರಿಗೂ ಇಲ್ಲ. ವಿನಾಯಿತಿ ಇದ್ದರೂ ಚೈನ್ ಗಾಡಿಯಲ್ಲಿರಬೇಕು. ಬಾಡಿಗೆ ಒಪ್ಪಂದ ಚೈನ್ ಹಾಕುವುದನ್ನೇ ನಿಷೇಧಿಸಿರಬಹುದು, ಆಗ ಚೈನ್ ಫಲಕ ಕಂಡಲ್ಲಿಂದ ಹಿಂದಿರುಗುವುದೊಂದೇ ದಾರಿ. ಚೈನ್ ಒಯ್ಯುವವರು ಹೊರಡುವ ಮೊದಲು ಒಣ ನೆಲದಲ್ಲಿ ಒಮ್ಮೆ ಹಾಕಿ ತೆಗೆದು ನೋಡಿ. ಎಂಜಿನ್ ಎಳೆಯುವ ಚಕ್ರಗಳಿಗೆ ಹಾಕಬೇಕು, ನೂರು ಗಜ ಹೋಗಿ ಇಳಿದು ಮತ್ತೆ ಬಿಗಿಮಾಡಬೇಕು, 25–30 ಮೈಲಿ ವೇಗ ಮೀರಬಾರದು.

ಉಷ್ಣಾಂಶ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಳಿಗ್ಗೆ ಹಳದಿ ದೀಪ ಹತ್ತಿದರೆ ಪಂಕ್ಚರೇ ಎಂದು ಗಾಬರಿಯಾಗಬೇಡಿ, ಗಾಡಿ ಓಡಿಸುವ ಮೊದಲು ಅಳೆದು ಗಾಳಿ ತುಂಬಿಸಿ. ಒಂದೇ ಟೈರು ಉಳಿದವಕ್ಕಿಂತ ತೀರಾ ಇಳಿದಿದ್ದರೆ ಮಾತ್ರ ಪಂಕ್ಚರ್. ಗಾಜು ತೊಳೆಯುವ ಟ್ಯಾಂಕಿನಲ್ಲಿ ಬರೀ ನೀರಿದ್ದರೆ ಹೆಪ್ಪುಗಟ್ಟುತ್ತದೆ, ಸೊನ್ನೆಗಿಂತ 20 ಡಿಗ್ರಿ ಫ್ಯಾರನ್‌ಹೀಟ್ ಕೆಳಗೂ ಗಟ್ಟಿಯಾಗದ ದ್ರವವನ್ನು ಮರುಭೂಮಿಯ ಊರಲ್ಲೇ ತುಂಬಿಸಿ.

ಗಾಡಿಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಒಬ್ಬೊಬ್ಬರಿಗೂ ಒಂದು ಕಂಬಳಿ, ಹೆಡ್‌ಲ್ಯಾಂಪ್, ಮಡಿಚುವ ಸಲಿಕೆ, ಇಂಟರ್‌ನೆಟ್ ಇಲ್ಲದೆಯೂ ತೆರೆಯುವ ನಕ್ಷೆ ಇರಲಿ. ಹಿಮದಲ್ಲಿ ಸಿಕ್ಕಿಕೊಂಡರೆ ಗಾಡಿ ಬಿಟ್ಟು ನಡೆಯಬೇಡಿ. ಮೊದಲು ಸೈಲೆನ್ಸರ್ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಆಮೇಲೆ ಗಂಟೆಗೆ ಹತ್ತು ನಿಮಿಷ ಎಂಜಿನ್ ಓಡಿಸಿ, ಒಂದು ಕಿಟಕಿ ಬೆರಳಗಲ ತೆರೆದಿರಲಿ. ಕೊಳವೆ ಮುಚ್ಚಿಹೋದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ.

ಕಾಯ್ದಿರಿಸುವಾಗ ಮೊದಲು ಉದ್ಯಾನಗಳ ಒಳಗಿನ ಹಾಗೂ ಅಂಚಿನ ಊರುಗಳ ರೂಮು, ಆಮೇಲೆ ಆಂಟಿಲೋಪ್ ಅಥವಾ ಗುಹೆಯ ಸಮಯ, ಕೊನೆಗೆ ಗಾಡಿ. 6,000 ಅಡಿಗಿಂತ ಮೇಲಿನ ರೂಮುಗಳನ್ನು ಹಿಂದಿನ ದಿನದವರೆಗೂ ರದ್ದುಮಾಡಬಹುದಾದ ದರದಲ್ಲೇ ತೆಗೆದುಕೊಳ್ಳಿ, ಸ್ವಲ್ಪ ದುಬಾರಿಯಾದರೂ ಸರಿ. ನ್ಯಾಷನಲ್ ವೆದರ್ ಸರ್ವಿಸ್‌ನ ನಕ್ಷೆಯಲ್ಲಿ ಊರಿನ ಹೆಸರು ಹುಡುಕುವ ಬದಲು ನೀವು ದಾಟುವ ಪಾಸ್ ಮೇಲೆಯೇ ಕ್ಲಿಕ್ ಮಾಡಿ, ಆ ಎತ್ತರದ ಮುನ್ಸೂಚನೆ ಬೇರೆಯೇ ಬರುತ್ತದೆ. ರಾಜ್ಯದ ಗಡಿ ದಾಟುವಾಗ ಗಡಿಯಾರ ಬದಲಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ: ಚಳಿಗಾಲದಲ್ಲಿ ಯೂಟಾ, ಅರಿಝೋನ, ನ್ಯೂ ಮೆಕ್ಸಿಕೋ, ಎಲ್ ಪಾಸೋ ಒಂದೇ ಸಮಯದಲ್ಲಿವೆ; ನೆವಾಡ, ಕ್ಯಾಲಿಫೋರ್ನಿಯಾ ಅವಕ್ಕಿಂತ ಒಂದು ಗಂಟೆ ಹಿಂದೆ. ವೇಗಸ್‌ನಿಂದ ಝಯಾನ್‌ಗೆ ಹೊರಟ ದಿನ ಆ ಒಂದು ಗಂಟೆ ಕೈತಪ್ಪುತ್ತದೆ, ಹಾಗಾಗಿ ಅಂದು ಬೆಳಿಗ್ಗೆ ಎಂಟರೊಳಗೆ ಹೊರಡಿ.